ಪ್ರಿಂಟ್ ಕಪ್ಪಾಗಿ ಬಂದರೆ ಮೊದಲು ನೋಡಬೇಕಾದದ್ದು

ಮಳೆಗಾಲ ಹಿಡಿಯಿತೆಂದರೆ ನಮ್ಮ ಸ್ಟುಡಿಯೋಗೆ ಒಂದೇ ದೂರು ಹತ್ತು ಜನರ ಬಾಯಲ್ಲಿ ಬರುತ್ತದೆ: ‘ಫೋನಲ್ಲಿ ಎಷ್ಟು ಚೆನ್ನಾಗಿತ್ತು, ಪ್ರಿಂಟ್ ಯಾಕೆ ಇಷ್ಟು ಡಾರ್ಕು?’ ಹೋದ ಜುಲೈನಲ್ಲಿ ಸಾಗರದ ಕಡೆಯ ಹಿರಿಯರೊಬ್ಬರು ತಮ್ಮ ತಂದೆಯ ವರ್ಷಾಂತಿಕಕ್ಕೆಂದು ನಮ್ಮಲ್ಲೇ ಮಾಡಿಸಿದ್ದ 12×18 ಫೋಟೋವನ್ನು ಟವೆಲಿನಲ್ಲಿ ಸುತ್ತಿ ವಾಪಸ್ ತಂದರು. ಅಡಿಕೆ ಹರವಿದ ಅಂಗಳದ ಅಂಚಿನಲ್ಲಿ ಕೂತ ಮುದುಕರು, ಬಿಳಿ ಪಂಚೆ, ಮೇಲೆ ಕಂದು ಬಣ್ಣದ ಹಳೇ ಕೋಟು.

‘ಏನು ಮಾರಾಯ್ರೇ, ನಮ್ಮಪ್ಪ ಇಷ್ಟು ಕಪ್ಪಿದ್ರಾ? ಕೋಟಿನ ಗುಂಡಿಯೇ ಕಾಣ್ತಿಲ್ಲ.’

ನಾನು ಕಂಪ್ಯೂಟರ್ ಕಡೆ ಹೋಗಲಿಲ್ಲ. ‘ಬನ್ನಿ’ ಅಂತ ಫೋಟೋ ಹಿಡಿದು ಹೊರಗೆ ಜಗಲಿಗೆ ಕರೆದುಕೊಂಡು ಹೋದೆ. ಮಳೆ ಆಗಷ್ಟೇ ಬಿಟ್ಟಿತ್ತು, ಮೋಡ ಇತ್ತು, ಬಿಸಿಲಿರಲಿಲ್ಲ. ಫೋಟೋವನ್ನು ಆಕಾಶದ ಕಡೆ ಸ್ವಲ್ಪ ಓರೆ ಮಾಡಿದೆ. ಅವರು ಬಗ್ಗಿ ನೋಡಿದರು, ಬೆರಳಿಟ್ಟು ಎಣಿಸಿದರು. ನಾಲ್ಕು ಗುಂಡಿ ಕಂಡವು. ಕೋಟಿನ ಮಡಿಕೆ ಕಂಡಿತು, ಕಿವಿಯ ಹಿಂದಿನ ಕೂದಲು ಕಂಡಿತು. ಒಳಗೆ ಬಂದು ಕೌಂಟರಿನ ಮೇಲೆ ಇಟ್ಟ ಕೂಡಲೇ ಎಲ್ಲ ಮತ್ತೆ ಮುಳುಗಿ ಹೋಯಿತು.

ಆ ಅರ್ಧ ನಿಮಿಷದ ನಡಿಗೆಯೇ ಈ ದೋಷ ಹುಡುಕುವ ಮೊದಲ ಹೆಜ್ಜೆ. ಪ್ರಿಂಟ್ ಕಪ್ಪಾಗಿದೆ ಅಂತ ಅನಿಸಿದ ತಕ್ಷಣ ಫೈಲ್ ತೆಗೆದು ಬ್ರೈಟ್‌ನೆಸ್ ಏರಿಸಲು ಕೂರಬೇಡಿ. ನಾನು ಎಷ್ಟೋ ವರ್ಷ ಅದನ್ನೇ ಮಾಡಿದೆ. ಪ್ರತಿ ಸಲವೂ ‘ಪ್ರಿಂಟಿಗೆ ಇಪ್ಪತ್ತು ಜಾಸ್ತಿ’ ಎಂಬ ಲೆಕ್ಕ. ಪ್ರತಿ ಸಲವೂ ಮದುವೆ ಆಲ್ಬಮ್ಮಿನಲ್ಲಿ ಯಾರದೋ ಬಿಳಿ ಪಂಚೆ, ಮಲ್ಲಿಗೆ ದಂಡೆ ಸುಣ್ಣದ ಗೋಡೆಯಂತೆ ಸಪಾಟಾಗುತ್ತಿತ್ತು. ರೋಗ ಒಂದು ಕಡೆ, ಔಷಧ ಇನ್ನೊಂದು ಕಡೆ.

ಹಗಲು ಹನ್ನೊಂದರ ಸುಮಾರಿಗೆ ಕಿಟಕಿಯ ಹತ್ತಿರ ಅಥವಾ ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ ಪ್ರಿಂಟ್ ಹಿಡಿದು ನೋಡಿ. ಅಲ್ಲಿ ಸರಿ ಕಂಡರೆ ಪ್ರಿಂಟ್ ಸರಿಯಿದೆ. ಒಳಗಿನ ಬೆಳಕು ಕಡಿಮೆ ಅಥವಾ ನಿಮ್ಮ ಸ್ಕ್ರೀನ್ ಜಾಸ್ತಿ, ಎರಡರಲ್ಲಿ ಒಂದು. ಬಹಳ ಸಲ ಎರಡೂ. ಅಲ್ಲೂ ಕಪ್ಪಾಗಿಯೇ ಕಂಡರೆ ಮಾತ್ರ ಫೈಲು, ಪ್ರಿಂಟರು, ಲ್ಯಾಬು ಎಂದು ಮುಂದೆ ಹುಡುಕಬೇಕು.

ಸ್ಕ್ರೀನಿಗೂ ಕಾಗದಕ್ಕೂ ಇರುವ ಅಂತರವನ್ನು ಕ್ಯಾಮೆರಾದಲ್ಲೇ ಅಳೆಯಿರಿ

ಸ್ಕ್ರೀನ್ ತನ್ನ ಬೆಳಕನ್ನು ತಾನೇ ಕೊಡುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ತನ್ನ ಮೇಲೆ ಬಿದ್ದದ್ದನ್ನು ತಿರುಗಿ ಕೊಡುತ್ತದೆ, ಅಷ್ಟೇ. ಇದು ಎಲ್ಲರಿಗೂ ಗೊತ್ತು. ಆದರೆ ಅಂತರ ಎಷ್ಟು ಅಂತ ಅಳೆದು ನೋಡಿದವರು ಕಡಿಮೆ. ಅಳೆಯಲು ಹೊಸದಾಗಿ ಏನೂ ಕೊಳ್ಳಬೇಕಿಲ್ಲ. ನಿಮ್ಮ ಕೈಯಲ್ಲಿರುವ ಕ್ಯಾಮೆರಾದ ಮೀಟರೇ ಸಾಕು.

ಕ್ಯಾಮೆರಾವನ್ನು ಮ್ಯಾನುಯಲ್ ಮೋಡಿಗೆ ಹಾಕಿ. ಐಎಸ್‌ಒ 100, ಅಪರ್ಚರ್ ಎಫ್ 4, ಮೀಟರಿಂಗ್ ಸ್ಪಾಟ್ (ನಡುವಿನ ಸಣ್ಣ ಭಾಗವನ್ನು ಮಾತ್ರ ಅಳೆಯುವುದು). ಮಾನಿಟರಿನಲ್ಲಿ ಪೂರ್ತಿ ಬಿಳಿ ಇರುವ ಖಾಲಿ ಪುಟ ತೆರೆಯಿರಿ. ಲೆನ್ಸಿನ ತುಂಬ ಆ ಬಿಳಿ ಮಾತ್ರ ಬರುವಷ್ಟು ಹತ್ತಿರ ಹೋಗಿ. ಫೋಕಸ್ ಆಗದಿದ್ದರೂ ಚಿಂತೆಯಿಲ್ಲ. ಮೀಟರಿನ ಮುಳ್ಳು ಸರಿಯಾಗಿ ನಡುವೆ ನಿಲ್ಲುವ ತನಕ ಶಟರ್ ಬದಲಿಸಿ. ಈಗ ಶಟರ್ ವೇಗದ ಕೆಳಗಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ. 1/60 ಬಂದರೆ 120, 1/160 ಬಂದರೆ 320. ಅದು ಸ್ಕ್ರೀನಿನ ಹೊಳಪು, ನಿಟ್ ಲೆಕ್ಕದಲ್ಲಿ. ಅಂದರೆ ಒಂದು ಚದರ ಮೀಟರಿಗೆ ಇಷ್ಟು ಕ್ಯಾಂಡೆಲಾ ಅಂತ. ಕ್ಯಾಮೆರಾಗಳ ಮೀಟರ್ ಸೂತ್ರದಲ್ಲಿ ಬರುವ 12.5 ಎಂಬ ಸ್ಥಿರಾಂಕದಿಂದ ಈ ಸುಲಭ ಲೆಕ್ಕ ಹುಟ್ಟುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ಹೆಚ್ಚುಕಡಿಮೆ ಇದ್ದರೂ ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಅದೇ ಸೆಟ್ಟಿಂಗಿನಲ್ಲಿ, ನೀವು ಪ್ರಿಂಟ್ ಇಟ್ಟು ನೋಡುವ ಜಾಗದಲ್ಲೇ ಒಂದು ಬಿಳಿ ಫೋಟೋ ಕಾಗದ ಇಟ್ಟು ಅಳೆಯಿರಿ. ಕ್ಯಾಮೆರಾದ ನೆರಳು ಕಾಗದದ ಮೇಲೆ ಬೀಳಬಾರದು.

ಆ ದಿನ ನಾನು ಅಳೆದದ್ದು ಹೀಗಿತ್ತು. ನನ್ನ ಮಾನಿಟರ್ 1/160, ಅಂದರೆ 320 ನಿಟ್. ಟ್ಯೂಬ್‌ಲೈಟ್ ಕೆಳಗಿನ ಕೌಂಟರಿನ ಮೇಲೆ ಕಾಗದ 1/25, ಅಂದರೆ 50. ಜಗಲಿಯಲ್ಲಿ ಅದೇ ಕಾಗದ 1/320, ಅಂದರೆ 640. ಮಾನಿಟರಿನ ಬಿಳಿ ಕೌಂಟರಿನ ಮೇಲಿನ ಬಿಳಿಗಿಂತ ಆರು ಪಟ್ಟಿಗೂ ಹೆಚ್ಚು. ಫೋಟೋ ತೆಗೆಯುವವರ ಭಾಷೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಎರಡೂ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಎರಡೂ ಮುಕ್ಕಾಲು ಸ್ಟಾಪ್ ಅಂಡರ್ ಆದ ಫೋಟೋ ಹೇಗಿರುತ್ತದೆ ಎಂದು ನಮಗೆಲ್ಲ ಗೊತ್ತು. ಕಣ್ಣು ಹೊಂದಿಕೊಳ್ಳುವುದರಿಂದ ಅಷ್ಟು ಕೆಟ್ಟದಾಗಿ ಕಾಣುವುದಿಲ್ಲ, ನಿಜ. ಆದರೆ ಉರಿಯುವ ಸ್ಕ್ರೀನ್ ಪಕ್ಕದಲ್ಲೇ ಪ್ರಿಂಟ್ ಹಿಡಿದು ತಾಳೆ ನೋಡುವಾಗ ಕಣ್ಣು ಹೊಂದಿಕೊಂಡಿರುವುದು ಸ್ಕ್ರೀನಿಗೆ, ಕಾಗದಕ್ಕಲ್ಲ.

ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ) ಲೆಕ್ಕ ಬೇಕಾದವರಿಗೆ: ಕಾಗದದ ಮೇಲೆ ಬೀಳುವ ಲಕ್ಸನ್ನು 0.9ರಿಂದ ಗುಣಿಸಿ 3.14ರಿಂದ ಭಾಗಿಸಿದರೆ ಬಿಳಿ ಕಾಗದದ ಹೊಳಪು ಸಿಗುತ್ತದೆ. ಕಾಗದ 100 ನಿಟ್ ಹೊಳೆಯಬೇಕಾದರೆ ಅದರ ಮೇಲೆ ಸುಮಾರು 350 ಲಕ್ಸ್ ಬೀಳಬೇಕು. ಪ್ರಿಂಟ್ ನೋಡುವ ಬೆಳಕಿಗೆಂದೇ ಇರುವ ಐಎಸ್‌ಒ 3664 ಮಾನದಂಡ, ಸಾಧಾರಣ ಪರಿಶೀಲನೆಗೆ 500 ಲಕ್ಸ್, ಕಟ್ಟುನಿಟ್ಟಾದ ಹೋಲಿಕೆಗೆ 2000 ಲಕ್ಸ್ ಎನ್ನುತ್ತದೆ. ನಮ್ಮ ಮನೆಗಳ ನಡುಕೋಣೆಯಲ್ಲಿ ರಾತ್ರಿ ಹೊತ್ತು ನೂರೈವತ್ತು ಲಕ್ಸ್ ಸಿಕ್ಕರೆ ಹೆಚ್ಚು.

ಮಾನಿಟರ್ ಇಳಿಸಿ

ಅಂಗಡಿಯಿಂದ ತಂದ ಮಾನಿಟರುಗಳು ಸಾಮಾನ್ಯವಾಗಿ 250ರಿಂದ 350 ನಿಟ್ ಉರಿಯುವ ಹಾಗೆ ಬರುತ್ತವೆ. ಶೋರೂಮಿನಲ್ಲಿ ಎದ್ದು ಕಾಣಲು ಅದು ಬೇಕು, ಪ್ರಿಂಟ್ ಕೆಲಸಕ್ಕೆ ಬೇಡ. ನಾವೆಲ್ಲ ದಿನವೂ ಬಳಸುವ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡ 1999ರಲ್ಲಿ ಬಂದಾಗ ಅದರಲ್ಲಿ ಹೇಳಿದ್ದ ಸ್ಕ್ರೀನಿನ ಹೊಳಪು ಬರೀ 80 ನಿಟ್. ಪ್ರಿಂಟಿಗೆ ಕಳಿಸುವವರು 80ರಿಂದ 120ರ ನಡುವೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು.

ಇಳಿಸುವ ಬಗೆ ಸರಳ. ಎಫ್ 4, ಐಎಸ್‌ಒ 100ರಲ್ಲಿ ಮೀಟರ್ 1/50 ಅಥವಾ 1/60 ತೋರಿಸುವ ತನಕ ಮಾನಿಟರಿನ ಗುಂಡಿಯಿಂದಲೇ ಬ್ರೈಟ್‌ನೆಸ್ ಇಳಿಸಿ. ಕಾಂಟ್ರಾಸ್ಟ್ ಮುಟ್ಟಬೇಡಿ. ಮೊದಲ ದಿನ ‘ಅಯ್ಯೋ, ಮಂಕಾಯಿತು’ ಅನಿಸುತ್ತದೆ. ನನಗೆ ಮೂರು ದಿನ ಹಾಗೇ ಅನಿಸಿತು. ನಾಲ್ಕನೇ ದಿನದಿಂದ ಅದೇ ಸಹಜವಾಯಿತು, ಸಂಜೆ ಕಣ್ಣುರಿ ಕೂಡ ತಗ್ಗಿತು. ಸ್ಕ್ರೀನ್ ಅಳೆದು ಸರಿಹೊಂದಿಸುವ ಕ್ಯಾಲಿಬ್ರೇಟರ್ ಉಪಕರಣ ಇದ್ದರೆ ಅದರಲ್ಲೇ ಮಾಡಿ. ಬಣ್ಣವೂ ಒಟ್ಟಿಗೆ ಸರಿಯಾಗುತ್ತದೆ. ಆದರೆ ಉಪಕರಣ ಇದ್ದೂ ಹೊಳಪಿನ ಗುರಿಯನ್ನು 250ಕ್ಕೆ ಬಿಟ್ಟು, ಕ್ಯಾಲಿಬ್ರೇಟ್ ಆಗಿದೆ ಎಂದು ನೆಮ್ಮದಿಯಾಗಿ ಕೂತವರನ್ನು ನೋಡಿದ್ದೇನೆ. ಪ್ರಿಂಟ್ ಕಪ್ಪಾಗುವುದು ಅವರಿಗೂ ತಪ್ಪಿಲ್ಲ.

ಹೊಳಪಾದ ಸ್ಕ್ರೀನ್ ಮಾಡುವ ಹಾನಿ ಎರಡು ಬಗೆಯದು. ಒಂದು, ಪ್ರಿಂಟ್ ಬಗ್ಗೆ ಸುಳ್ಳು ನಿರೀಕ್ಷೆ ಹುಟ್ಟಿಸುತ್ತದೆ. ಇನ್ನೊಂದು ಅದಕ್ಕಿಂತ ಕೆಟ್ಟದ್ದು: ಎಡಿಟ್ ಮಾಡುವಾಗಲೇ ದಾರಿ ತಪ್ಪಿಸುತ್ತದೆ. ಮುಖ ಆಗಲೇ ಬೆಳಗುತ್ತಿದೆ ಅನಿಸುವುದರಿಂದ ನಾವು ಎಕ್ಸ್‌ಪೋಷರ್ ಏರಿಸುವುದಿಲ್ಲ, ಸಾಲದ್ದಕ್ಕೆ ಒಂಚೂರು ಇಳಿಸುತ್ತೇವೆ ಕೂಡ. ಆಗ ಕತ್ತಲೆ ಫೈಲಿಗೇ ಇಳಿಯಿತು. ಅದಕ್ಕೇ ಕಣ್ಣಿನ ಜೊತೆಗೆ ಸಂಖ್ಯೆಯನ್ನೂ ನೋಡುವ ರೂಢಿ ಬೇಕು. ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ತೋರಿಸುವ ನಕ್ಷೆ) ಪೂರ್ತಿ ಎಡಕ್ಕೆ ಒತ್ತಿಕೊಂಡು ಬಲಭಾಗ ಖಾಲಿ ಬಿದ್ದಿದ್ದರೆ ಸ್ಕ್ರೀನ್ ಏನೇ ಹೇಳಲಿ, ಫೈಲ್ ಕಪ್ಪಾಗಿದೆ. ಲೈಟ್‌ರೂಮ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಮುಖದ ಬೆಳಕು ಬಿದ್ದ ಕೆನ್ನೆಯ ಮೇಲೆ ಕರ್ಸರ್ ಇಟ್ಟರೆ ಕೆಂಪು, ಹಸಿರು, ನೀಲಿ ಶೇಕಡಾದಲ್ಲಿ ಕಾಣುತ್ತವೆ. ನನ್ನ ಅನುಭವದಲ್ಲಿ ನಮ್ಮ ಜನರ ಮೈಬಣ್ಣಕ್ಕೆ ಕೆಂಪು 60ರಿಂದ 70ರ ಆಸುಪಾಸಿದ್ದರೆ ಪ್ರಿಂಟ್ ಹಗುರವಾಗಿ ಬರುತ್ತದೆ. 45ಕ್ಕಿಂತ ಕೆಳಗಿದ್ದರೆ ಮುಖ ಭಾರವಾಗುತ್ತದೆ.

ಎಡಿಟಿಂಗ್ ತಂತ್ರಾಂಶಗಳ ಕಪ್ಪು ಹಿನ್ನೆಲೆಯೂ ಕಣ್ಣಿಗೆ ಮೋಸ ಮಾಡುತ್ತದೆ. ಕಪ್ಪಿನ ನಡುವೆ ಇಟ್ಟದ್ದು ಬೆಳ್ಳಗೆ ಕಾಣುತ್ತದೆ. ಪ್ರಿಂಟಿಗೆ ಕಳಿಸುವ ಮೊದಲು ಹಿನ್ನೆಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಅದನ್ನು ಬಿಳಿಯಾಗಿಸಿ ಒಮ್ಮೆ ನೋಡಿ. ಕಪ್ಪಾಗಿರುವ ಫೋಟೋ ಆಗಲೇ ತನ್ನ ಗುಟ್ಟು ಬಿಡುತ್ತದೆ. ಲ್ಯಾಪ್‌ಟಾಪ್ ಬಳಸುವವರು ಆಟೋ ಬ್ರೈಟ್‌ನೆಸ್, ನೈಟ್ ಲೈಟ್ ಎರಡನ್ನೂ ಆಫ್ ಮಾಡಿ. ಅಗ್ಗದ ಪ್ಯಾನೆಲ್ ಆದರೆ ಮುಚ್ಚಳ ಸ್ವಲ್ಪ ಹಿಂದೆ ಮುಂದೆ ವಾಲಿಸಿದರೂ ನೆರಳಿನ ಭಾಗ ಬದಲಾಗುತ್ತದೆ, ಆದ್ದರಿಂದ ಒಂದೇ ಕೋನದಲ್ಲಿ ಕೆಲಸ ಮಾಡಿ.

ಫೋನಿನಲ್ಲಿ ನೋಡಿ ಹೋಲಿಸುವವರಿಗೆ

ಈಗಿನ ಫೋನುಗಳ ಓಎಲ್‌ಇಡಿ ಪರದೆ ಬಿಸಿಲಲ್ಲಿ ಸಾವಿರ ನಿಟ್ ದಾಟುತ್ತದೆ. ಅದರ ಮೇಲೆ ಎಚ್‌ಡಿಆರ್, ಅಂದರೆ ಬೆಳಕಿನ ಭಾಗಗಳನ್ನು ಇನ್ನೂ ಹೊಳೆಸಿ ತೋರಿಸುವ ಬಗೆ. 2023ರ ಆಂಡ್ರಾಯ್ಡ್ 14ರಿಂದ ಬಂದ ಅಲ್ಟ್ರಾ ಎಚ್‌ಡಿಆರ್ ಫೋಟೋಗಳಲ್ಲಿ ಸಾಧಾರಣ ಚಿತ್ರದ ಜೊತೆಗೆ ‘ಎಲ್ಲೆಲ್ಲಿ ಎಷ್ಟು ಹೊಳೆಸಬೇಕು’ ಎಂಬ ಇನ್ನೊಂದು ನಕಾಶೆ ಸೇರಿರುತ್ತದೆ. ಗ್ಯಾಲರಿ ತೆರೆದಾಗ ದೀಪ, ಆಕಾಶ, ಜರಿ ಅಂಚು ಹೊಳೆದು ನಿಲ್ಲುವುದು ಆ ನಕಾಶೆಯಿಂದ. ಪ್ರಿಂಟಿಗೆ ಹೋಗುವುದು ಕೆಳಗಿನ ಸಾಧಾರಣ ಚಿತ್ರ ಮಾತ್ರ. ಐಫೋನಿನಲ್ಲಾದರೆ ಸೆಟ್ಟಿಂಗ್ಸಿನಲ್ಲಿ ಫೋಟೋಸ್ ವಿಭಾಗಕ್ಕೆ ಹೋಗಿ ‘ವ್ಯೂ ಫುಲ್ ಎಚ್‌ಡಿಆರ್’ ಆಫ್ ಮಾಡಿ, ಬ್ರೈಟ್‌ನೆಸ್ ಅರ್ಧಕ್ಕಿಂತ ಕೆಳಗಿಳಿಸಿ ನೋಡಿ. ಕಾಗದದ ಮೇಲೆ ಬರುವುದು ಹೆಚ್ಚುಕಡಿಮೆ ಅದೇ. ಗಿರಾಕಿಗಳಿಗೆ ನಾನು ಆರ್ಡರ್ ತೆಗೆದುಕೊಳ್ಳುವಾಗಲೇ ಹೀಗೆ ಮಾಡಿ ತೋರಿಸುತ್ತೇನೆ. ಆಮೇಲೆ ದೂರು ಬರುವುದು ತೀರಾ ಕಡಿಮೆ.

ಹಗಲಲ್ಲೂ ಕಪ್ಪಾಗಿದ್ದರೆ, ಅದು ಎಂಥ ಕಪ್ಪು?

ಜಗಲಿ ಪರೀಕ್ಷೆಯಲ್ಲೂ ಪ್ರಿಂಟ್ ಸೋತಿತು ಅಂದುಕೊಳ್ಳಿ. ಈಗ ಕಪ್ಪಿನ ಗುಣ ನೋಡಬೇಕು. ಒಂದೇ ಸಲ ಮಾಡಿಸಿದ ಹತ್ತಿಪ್ಪತ್ತು ಪ್ರಿಂಟ್ ಮೇಜಿನ ಮೇಲೆ ಹರವಿಕೊಂಡರೆ ಅದು ಸುಲಭ.

ಬಿಳಿ ಹೆಚ್ಚಿರುವ ಫೋಟೋಗಳು ಮಾತ್ರ ಕಪ್ಪಾಗಿವೆಯೇ? ಮಂಜು ಕವಿದ ಬೆಟ್ಟ, ಸುಣ್ಣ ಬಳಿದ ದೇವಸ್ಥಾನದ ಗೋಡೆ, ಬಿಳಿ ಪಂಚೆ ಉಟ್ಟ ಹತ್ತು ಜನ ಸಾಲಾಗಿ ನಿಂತದ್ದು ಬೂದಿ ಬಣ್ಣಕ್ಕೆ ತಿರುಗಿ, ಅದೇ ಕಂತಿನಲ್ಲಿದ್ದ ರಾತ್ರಿ ಯಕ್ಷಗಾನದ ಫೋಟೋಗಳ ಕಪ್ಪು ಹಿನ್ನೆಲೆ ತೊಳೆದಂತೆ ಬೆಳ್ಳಗಾಗಿದ್ದರೆ, ಅದು ಲ್ಯಾಬಿನ ಆಟೋ ಕರೆಕ್ಷನ್. ಯಂತ್ರ ಎಲ್ಲ ಚಿತ್ರಗಳನ್ನೂ ಒಂದು ನಡು ಬೂದು ಮಟ್ಟಕ್ಕೆ ಎಳೆಯುತ್ತದೆ. ಮಂಜಿನಲ್ಲಿ ಕ್ಯಾಮೆರಾದ ಮೀಟರ್ ಮಾಡುವ ತಪ್ಪನ್ನೇ ಅದೂ ಮಾಡುತ್ತದೆ. ಮುಂದಿನ ಸಲ ಫೈಲ್ ಕಳಿಸುವಾಗ ‘ಕರೆಕ್ಷನ್ ಬೇಡ, ಇದ್ದ ಹಾಗೇ ಹಾಕಿ’ ಎಂದು ಆಪರೇಟರಿಗೆ ಹೇಳಿ, ಆರ್ಡರಿನಲ್ಲೂ ಬರೆಯಿರಿ. ಪ್ರಿಂಟ್ ಕಪ್ಪು ಬಿಳುಪು ಮಾಡುವ ಡೆನ್ಸಿಟಿ ಗುಂಡಿ ಅವರ ಕೈಯಲ್ಲಿರುತ್ತದೆ. ಒಳ್ಳೆಯ ಆಪರೇಟರ್ ಮಾತು ಕೇಳಿಸಿಕೊಳ್ಳುತ್ತಾರೆ.

ಕಪ್ಪಿನ ಜೊತೆ ಬಣ್ಣವೂ ಸತ್ತಿದೆಯೇ? ಹಾಗಿದ್ದರೆ ಪ್ರೊಫೈಲ್ (ಫೈಲಿನ ಸಂಖ್ಯೆಗಳನ್ನು ಯಾವ ಬಣ್ಣವಾಗಿ ಓದಬೇಕು ಎಂಬ ವಿವರ) ನೋಡಿ. ಅಡೋಬಿ ಆರ್‌ಜಿಬಿ ಅಥವಾ ಫೋನಿನ ಪಿ3 ಫೈಲನ್ನು ಎಸ್‌ಆರ್‌ಜಿಬಿ ಎಂದು ತಪ್ಪಾಗಿ ಓದಿದರೆ ಬಣ್ಣ ಸಪ್ಪೆಯಾಗುತ್ತದೆ, ಬೆಳಕು ಅಷ್ಟೇನೂ ಇಳಿಯುವುದಿಲ್ಲ. ಪ್ರೊಫೋಟೊ ಆರ್‌ಜಿಬಿ ಫೈಲ್ ಆದರೆ ಎರಡೂ ಆಗುತ್ತವೆ. ಪ್ರೊಫೋಟೊದ ಗಾಮಾ (ಬೆಳಕನ್ನು ಸಂಖ್ಯೆಯಾಗಿ ಬರೆಯುವ ಪ್ರಮಾಣ) 1.8, ಎಸ್‌ಆರ್‌ಜಿಬಿಯದು ಸುಮಾರು 2.2. ನಾವು ಬೂದು ಕಾರ್ಡ್ ಎಂದು ಕರೆಯುವ 18 ಶೇಕಡಾ ಬೂದು, ಎಸ್‌ಆರ್‌ಜಿಬಿಯಲ್ಲಿ (0ರಿಂದ 255ರ ಅಳತೆಯಲ್ಲಿ) 117ರ ಹತ್ತಿರ ಬರೆಯಲ್ಪಟ್ಟರೆ ಪ್ರೊಫೋಟೊದಲ್ಲಿ 98 ಆಗುತ್ತದೆ. ಪ್ರೊಫೈಲ್ ಓದದ ಯಂತ್ರ ಆ 98ನ್ನು ಹಾಗೇ ಕಾಗದಕ್ಕೆ ಇಳಿಸುತ್ತದೆ. ಕುಂಕುಮದ ಕೆಂಪು ಕೆಮ್ಮಣ್ಣಾಗುತ್ತದೆ, ಮುಖ ಮಂಕಾಗುತ್ತದೆ. ಲ್ಯಾಬಿಗೆ ಕಳಿಸುವ ಪ್ರತಿ ಜೆಪೆಗ್ಗನ್ನೂ ಎಸ್‌ಆರ್‌ಜಿಬಿಗೆ ಕನ್ವರ್ಟ್ ಮಾಡಿ, ಪ್ರೊಫೈಲ್ ಎಂಬೆಡ್ ಮಾಡಿ ಕಳಿಸಿದರೆ ಈ ತಾಪತ್ರಯವೇ ಇಲ್ಲ.

ಸ್ವಂತ ಪ್ರಿಂಟರಿನಲ್ಲಿ ತೆಗೆದ ಪ್ರಿಂಟ್ ಕಪ್ಪಾಗಿ, ಮೇಲೆ ಮಜೆಂಟಾ ಕೂಡ ಏರಿದ್ದರೆ ಬಣ್ಣದ ತಿದ್ದುಪಡಿ ಎರಡು ಸಲ ಆಗಿದೆ ಎಂದೇ ಮೊದಲು ಅನುಮಾನಿಸಿ. ಫೋಟೋಶಾಪ್ ಒಮ್ಮೆ ತಿದ್ದಿ ಕಳಿಸಿದ್ದನ್ನು ಪ್ರಿಂಟರ್ ಡ್ರೈವರ್ ಮತ್ತೊಮ್ಮೆ ತಿದ್ದುತ್ತದೆ. ಪ್ರಿಂಟ್ ಕಿಟಕಿಯಲ್ಲಿ ‘ಫೋಟೋಶಾಪ್ ಮ್ಯಾನೇಜಸ್ ಕಲರ್ಸ್’ ಆರಿಸಿದ್ದರೆ ಡ್ರೈವರಿನಲ್ಲಿ ‘ನೋ ಕಲರ್ ಅಡ್ಜಸ್ಟ್‌ಮೆಂಟ್’ ಇರಲೇಬೇಕು. ಯಾರಾದರೂ ಒಬ್ಬರು ಮಾತ್ರ ಯಜಮಾನರಾಗಬೇಕು. ಹಾಗೇ ಕಾಗದದ ಬಗೆಯನ್ನೂ ನೋಡಿ: ಟ್ರೇಯಲ್ಲಿ ಗ್ಲಾಸಿ ಇಟ್ಟು ಡ್ರೈವರಿನಲ್ಲಿ ಬೇರೆ ಕಾಗದ ಆರಿಸಿದರೆ ಮಸಿಯ ಲೆಕ್ಕವೇ ತಪ್ಪುತ್ತದೆ. ಬೇರೆ ಕಂಪನಿಯ ಮಸಿ ತುಂಬಿದ್ದರೆ ಹಳೇ ಪ್ರೊಫೈಲ್ ಆ ಮಸಿಗೆ ಹೊಂದುವುದಿಲ್ಲ. ಮಸಿ ಚಿಮ್ಮುವ ನಾಝಲ್ ಕಟ್ಟಿಕೊಂಡರೆ ಸಾಮಾನ್ಯವಾಗಿ ಬಣ್ಣ ತಪ್ಪುತ್ತದೆ, ಗೆರೆ ಬೀಳುತ್ತದೆ; ಬರೀ ಕಪ್ಪಿಗೆ ಅದನ್ನು ದೂರುವುದು ತಪ್ಪು.

ಬೆಳಕಿನ ಭಾಗವೆಲ್ಲ ಸರಿಯಿದ್ದು ನೆರಳು ಮಾತ್ರ ಕಟ್ಟಿಕೊಂಡಿದೆಯೇ? ಅದು ಕಾಗದದ ಮಿತಿ. ಒಳ್ಳೆಯ ಐಪಿಎಸ್ ಮಾನಿಟರಿನಲ್ಲಿ ಬಿಳಿಗೂ ಕಪ್ಪಿಗೂ 1000:1ರಷ್ಟು ಅಂತರ ಸಿಗುತ್ತದೆ. ನುಣುಪು ಕಾಗದದಲ್ಲಿ ಸುಮಾರು 150:1, ಮ್ಯಾಟ್ ಕಾಗದದಲ್ಲಿ 40:1ರ ಸುಮಾರು. ಕರಿ ಕೋಟು, ಕಡು ನೀಲಿ ಇಳಕಲ್ ಸೀರೆ, ಜಡೆಯ ಒಳಗಿನ ಎಳೆ, ಇವೆಲ್ಲ ಸ್ಕ್ರೀನಿನಲ್ಲಿ ಬೇರೆಬೇರೆಯಾಗಿ ಕಂಡರೂ ಕಾಗದದಲ್ಲಿ ಒಂದೇ ಗುಡ್ಡೆಯಾಗುತ್ತವೆ. ಇಲ್ಲಿ ಎಕ್ಸ್‌ಪೋಷರ್ ಏರಿಸಬಾರದು. ಕರ್ವ್ (ಕಪ್ಪು, ಬಿಳಿ ಭಾಗಗಳನ್ನು ಬೇರೆಬೇರೆಯಾಗಿ ಏರಿಳಿಸುವ ಗೆರೆ) ತೆರೆದು ಕೆಳಗಿನ ಕಾಲು ಭಾಗವನ್ನು ಮಾತ್ರ ಮೆಲ್ಲಗೆ ಎತ್ತಬೇಕು, ಮೇಲಿನ ತುದಿ ಅಲುಗಬಾರದು. ಲ್ಯಾಬಿನವರ ಪ್ರೊಫೈಲ್ ಸಿಕ್ಕರೆ ಸಾಫ್ಟ್ ಪ್ರೂಫ್ ಹಾಕಿ ನೋಡಿ; ನೆರಳು ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಪ್ರಿಂಟಿಗೆ ಮೊದಲೇ ತಿಳಿಯುತ್ತದೆ.

ಇಲ್ಲೇ ಒಂದು ಮಾತು ಹೇಳಲೇಬೇಕು. ಪ್ರಿಂಟಿನ ಕತ್ತಲೆ ತೆಗೆಯುವುದೆಂದರೆ ಮನುಷ್ಯರ ಬಣ್ಣ ತೆಗೆಯುವುದಲ್ಲ. ‘ಕಪ್ಪು ಬಂದಿದೆ’ ಅಂದ ಕೂಡಲೇ ಮುಖಕ್ಕೆ ಹಿಟ್ಟು ಬಳಿದ ಹಾಗೆ ಬಿಳಿ ಮಾಡುವ ಚಾಳಿ ನಮ್ಮ ಸ್ಟುಡಿಯೋಗಳಲ್ಲಿ ಬಲವಾಗಿದೆ. ನನಗೆ ಅದು ನೋವಿನ ವಿಷಯ. ಬಿಸಿಲಲ್ಲಿ ತೋಟ ಮಾಡಿದ ಮುಖ ಎಣ್ಣೆಗಪ್ಪಾಗಿಯೇ ಇರಲಿ. ಆ ಕಪ್ಪಿನ ಒಳಗೆ ಕೆನ್ನೆಯ ಗೆರೆ, ಕಣ್ಣಿನ ಸುಕ್ಕು, ಹಣೆಯ ಹೊಳಪು ಬೇರೆಬೇರೆಯಾಗಿ ಕಾಣಬೇಕು, ಅದು ನಮ್ಮ ಕೆಲಸ.

ಪಟ್ಟಿ ಪರೀಕ್ಷೆ

ಫಿಲಂ ಕಾಲದಲ್ಲಿ ಡಾರ್ಕ್‌ರೂಮಿನಲ್ಲಿ ಟೆಸ್ಟ್ ಸ್ಟ್ರಿಪ್ ಇಲ್ಲದೆ ಯಾರೂ ದೊಡ್ಡ ಕಾಗದ ಕತ್ತರಿಸುತ್ತಿರಲಿಲ್ಲ. ಒಂದು ಪಟ್ಟಿ ಕಾಗದದ ಮೇಲೆ ರಟ್ಟು ಸರಿಸುತ್ತಾ ಐದೈದು ಸೆಕೆಂಡಿನ ಮೆಟ್ಟಿಲು. ಟ್ರೇಯಲ್ಲಿ ಒದ್ದೆಯಿದ್ದಾಗ ಸರಿ ಕಂಡದ್ದು ಒಣಗಿದ ಮೇಲೆ ಒಂದೆಳೆ ಕಪ್ಪಾಗುತ್ತದೆ ಎಂದೂ ತಿಳಿದು ಅದಕ್ಕೆ ತಕ್ಕಂತೆ ಬಿಡುತ್ತಿದ್ದರು. ಆ ತಾಳ್ಮೆಯನ್ನು ಈಗಲೂ ಇಟ್ಟುಕೊಳ್ಳಬಹುದು. ಫೋಟೋದಲ್ಲಿ ಮುಖವೂ ನೆರಳೂ ಎರಡೂ ಇರುವ ಒಂದು ತುಂಡು ಕತ್ತರಿಸಿ, ಅದನ್ನೇ ಒಂದು 8×12 ಹಾಳೆಯಲ್ಲಿ ಐದು ಸಲ ಅಂಟಿಸಿ. ಮೊದಲನೆಯದು ಇದ್ದ ಹಾಗೆ, ಮಿಕ್ಕವು 0.15, 0.3, 0.45, 0.6 ಸ್ಟಾಪ್ ಹೆಚ್ಚು. ಪ್ರತಿಯೊಂದರ ಕೆಳಗೆ ಸಂಖ್ಯೆ ಬರೆಯಿರಿ. ಅದನ್ನು ನಿಮ್ಮ ರೂಢಿಯ ಲ್ಯಾಬಿನಲ್ಲಿ, ರೂಢಿಯ ಕಾಗದದಲ್ಲಿ, ಕರೆಕ್ಷನ್ ಇಲ್ಲದೆ ಹಾಕಿಸಿ. ಇಂಕ್‌ಜೆಟ್ ಆದರೆ ಒಂದು ದಿನ ಒಣಗಲು ಬಿಡಿ. ಆಮೇಲೆ ಫೋಟೋ ತೂಗುವ ಗೋಡೆಯ ಮೇಲೇ ಇಟ್ಟು ಆರಿಸಿ. ಲೈಟ್‌ರೂಮಿನ ಪ್ರಿಂಟ್ ಮಾಡ್ಯೂಲಿನಲ್ಲಿ ಪ್ರಿಂಟ್ ಅಡ್ಜಸ್ಟ್‌ಮೆಂಟ್ ಎಂಬ ಸ್ಲೈಡರ್ ಇದೆ. ಏರಿಕೆಯನ್ನು ಅಲ್ಲಿ ಮಾಡಿದರೆ ಮೂಲ ಎಡಿಟ್ ಕೆಡುವುದಿಲ್ಲ. ಸ್ಕ್ರೀನಿನಲ್ಲಿ ಅದರ ಪರಿಣಾಮ ಕಾಣುವುದಿಲ್ಲ, ಕಾಗದದಲ್ಲಿ ಮಾತ್ರ ಕಾಣುತ್ತದೆ, ಗಾಬರಿಯಾಗಬೇಡಿ.

ಗಾಜು ಹಾಕುವುದಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಸಾದಾ ಗಾಜಿನ ಒಂದೊಂದು ಮೈಯೂ ಸುಮಾರು 4 ಶೇಕಡಾ ಬೆಳಕನ್ನು ತಿರುಗಿಸಿಬಿಡುತ್ತದೆ. ಬೆಳಕು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಗಾಜು ದಾಟಬೇಕು, ಹಾಗಾಗಿ ಒಟ್ಟು 15 ಶೇಕಡಾದಷ್ಟು ನಷ್ಟ. ಎದುರಿನ ಬಾಗಿಲಿನ ಪ್ರತಿಬಿಂಬ ಬಿದ್ದರೆ ನೆರಳಿನ ವಿವರ ಪೂರ್ತಿ ಮುಚ್ಚುತ್ತದೆ.

ಆ ಹಿರಿಯರ ಮನೆಗೆ ನಾನೇ ಹೋದೆ. ಹಳೇ ಮನೆ, ಮರದ ಮುಚ್ಚಿಗೆ, ಕೆಂಪು ಗಾರೆ ನೆಲ, ಒಂದೇ ಸಣ್ಣ ಕಿಟಕಿ. ಬಿದ್ದ ಬೆಳಕನ್ನೆಲ್ಲ ಮರವೇ ಕುಡಿಯುತ್ತಿತ್ತು. ಫೋಟೋ ತೂಗಬೇಕಾದ ಗೋಡೆಗೆ ಬಿಳಿ ಕಾಗದ ಹಿಡಿದು ಅಳೆದೆ: 1/8, ಅಂದರೆ ಬರೀ 16 ನಿಟ್. ನನ್ನ ಮಾನಿಟರಿನ ಇಪ್ಪತ್ತರಲ್ಲಿ ಒಂದು ಪಾಲು. ಅಷ್ಟು ಕತ್ತಲೆಗೆ ಸರಿಹೋಗುವಂತೆ ಪ್ರಿಂಟನ್ನು ಬೆಳ್ಳಗೆ ಮಾಡಲು ಹೋದರೆ ಪಂಚೆ ಉಳಿಯುವುದಿಲ್ಲ. ಅದಕ್ಕೇ ಪಟ್ಟಿಯಲ್ಲಿ 0.45 ಆರಿಸಿದೆವು, ಕೋಟಿನ ನೆರಳನ್ನು ಕರ್ವಿನಲ್ಲಿ ಎತ್ತಿದೆ, ಗಾಜು ಬಿಟ್ಟು ಮ್ಯಾಟ್ ಲ್ಯಾಮಿನೇಷನ್ ಹಾಕಿಸಿದೆ. ಅವರ ಮಗ ಮೇಲಿನ ತೊಲೆಗೆ ಒಂದು ಸಣ್ಣ ಎಲ್‌ಇಡಿ ದೀಪ ಕಟ್ಟಿ ಫೋಟೋದ ಕಡೆ ತಿರುಗಿಸಿದ. ದೀಪ ಹಾಕಿ ಮತ್ತೆ ಅಳೆದಾಗ 1/40 ಬಂತು.

ವರ್ಷಾಂತಿಕದ ಹಿಂದಿನ ಸಂಜೆ ಫೋನ್ ಮಾಡಿದ್ದರು. ‘ಗುಂಡಿ ನಾಲ್ಕು ಕಾಣ್ತಾವೆ. ಐದನೇದು ಎಲ್ಲಿ ಹೋಯ್ತು ಮಾರಾಯ್ರೇ?’ ಫೈಲ್ ತೆರೆದು ದೊಡ್ಡದು ಮಾಡಿ ನೋಡಿದೆ. ಐದನೇ ಗುಂಡಿಯ ಜಾಗದಲ್ಲಿ ದಾರದ ಎರಡು ತುಂಡು ಮಾತ್ರ ಇದ್ದವು. ಹಾಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೌದು, ಅದು ಬಿದ್ದು ಹೋಗಿತ್ತು, ಅಮ್ಮ ಹೊಲಿಬೇಕು ಹೊಲಿಬೇಕು ಅಂತಿದ್ರು’ ಎಂದರು.